ಕರಿಬಸಯ್ಯನವರ ಮಗ ಊದಿದ ಪೈಪು

ತೆಲುಗು ಸೀಮೆಯ ಮಕ್ತಲ್‌ನಲ್ಲಿ ರಾಯಚೂರು ರಸ್ತೆಗೆ ಮುಖ ಮಾಡಿಕೊಂಡು ಕರಿಬಸಯ್ಯನವರ ಪೈಪಿನ ಅಂಗಡಿ ಇದೆ. ಬೋರಿಗೆ ಇಳಿಸುವ ಮೋಟರು, ನಲ್ಲಿ, ವಾಲ್ವು, ಹೊಲಕ್ಕೆ ನೀರು ಹಾಯಿಸುವ ಪೈಪು, ಎಲ್ಲ ಅಲ್ಲಿ ಸಿಗುತ್ತವೆ. ಕರಿಬಸಯ್ಯನವರು ಜಂಗಮರು. ಸುತ್ತಲಿನ ಐದಾರು ಹಳ್ಳಿಗಳಲ್ಲಿ ಮನೆ ಒಕ್ಕಲಾಗಲಿ, ಮಗುವಿಗೆ ಹೆಸರಿಡಲಿ, ಅವರೇ ಹೋಗಬೇಕು. ವಾಲ್ವು ಕೊಳ್ಳಲು ಬಂದ ರೈತ ಮೊದಲು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಎಷ್ಟು ಇಂಚಿನದು ಬೇಕೆಂದು ಹೇಳುತ್ತಾನೆ. ಎಪ್ಪತ್ತರ ಅಂಚಿಗೆ ಬಂದರೂ ಬೆನ್ನು ನೆಟ್ಟಗೆ ಇಟ್ಟುಕೊಂಡು ಗಲ್ಲಾದ ಮುಂದೆ ಕೂರುವ ಮನುಷ್ಯ. ಅವರ ಒಬ್ಬನೇ ಮಗ ಸಿದ್ದರಾಮೇಶ.

ಅಪ್ಪ ಎಷ್ಟು ಅಲುಗಾಡದೆ ಕೂರುತ್ತಾರೋ ಮಗ ಅಷ್ಟೇ ಕೂರದವನು. ಗಲ್ಲಾದಲ್ಲಿ ಕೂರಿಸಿದರೆ ಹತ್ತು ನಿಮಿಷಕ್ಕೆ ಎದ್ದು ಬಾಗಿಲಿಗೆ ಬರುತ್ತಾನೆ, ರಸ್ತೆ ನೋಡುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. ಉಣ್ಣಲು ಕೂತರೆ ಬಲಗೈ ರೊಟ್ಟಿ ಮುರಿಯುತ್ತಿರುವಾಗಲೇ ಎಡಗೈ ಬೆರಳುಗಳು ತೊಡೆಯ ಮೇಲೆ ಏನನ್ನೋ ಬಡಿಯುತ್ತಿರುತ್ತವೆ. ಪಾಲಿಟೆಕ್ನಿಕ್ ಸೇರಿದ, ನಡುವೆ ಬಿಟ್ಟ. ಗದ್ವಾಲದ ಕಡೆಯ ಶಾಂತಿನಗರದಲ್ಲಿ ಹತ್ತಿಬೀಜದ ಕಂಪನಿಯೊಂದಕ್ಕೆ ಒಂದು ವರ್ಷ ಹೊಲ ಹೊಲ ತಿರುಗಿದ, ಅದನ್ನೂ ಬಿಟ್ಟು ಅಪ್ಪನ ಅಂಗಡಿಗೇ ಬಂದ. ಮದುವೆ ಮಾಡಿದರೆ ತಣ್ಣಗಾದಾನು ಎಂದುಕೊಂಡು ರಾಯಚೂರಿನಿಂದ ಕಾವ್ಯಳನ್ನು ತಂದರು. ಕಾವ್ಯ ಊರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳುತ್ತಾಳೆ. ಮಗಳು ಹುಟ್ಟಿದಳು, ಮಗಳಿಗೆ ನಾಲ್ಕು ವರ್ಷವೂ ತುಂಬಿತು. ಸಿದ್ದರಾಮೇಶ ಮಾತ್ರ ಇದ್ದ ಹಾಗೆಯೇ ಇದ್ದ.

ಆ ವರ್ಷ ಆಷಾಢದ ಗಾಳಿ ಜೋರಾಗಿ ಬೀಸಿತು. ಅಂಗಡಿಯ ಮಾಳಿಗೆ ಮೇಲೆ ಪೈಪಿನ ಕಟ್ಟುಗಳನ್ನು ಅಡ್ಡ ಮಲಗಿಸಿದ್ದರು. ಹಗ್ಗ ಬಿಗಿಯಲು ಮೇಲೆ ಹತ್ತಿದ ಸಿದ್ದರಾಮೇಶನಿಗೆ ಗಾಳಿ ನುಗ್ಗಿದಾಗಲೆಲ್ಲ ಆ ಪೈಪುಗಳ ಬಾಯಿಂದ ಒಂದು ಊಳು ಕೇಳಿಸಿತು. ಉದ್ದದ ಪೈಪು ದಪ್ಪ ದನಿಯಲ್ಲಿ, ಕತ್ತರಿಸಿ ಉಳಿದ ತುಂಡುಗಳು ಸಣ್ಣ ದನಿಯಲ್ಲಿ. ಹಗ್ಗ ಹಿಡಿದುಕೊಂಡು ಎಷ್ಟು ಹೊತ್ತು ಅಲ್ಲೇ ನಿಂತಿದ್ದನೋ ಅವನಿಗೇ ತಿಳಿಯಲಿಲ್ಲ. ಕೆಳಗಿನಿಂದ ಅಪ್ಪ ಮೂರು ಸಲ ಕೂಗಿದ ಮೇಲೆ ಇಳಿದು ಬಂದ. ಅವನ ಜನ್ಮದಲ್ಲಿ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಅದೇ ಮೊದಲು.

ಮಾರನೆಯ ದಿನದಿಂದ ಉಳಿದ ತುಂಡುಗಳನ್ನು ಆರಿಸಿಡತೊಡಗಿದ. ಒಂದು ತುದಿಗೆ ಮುಚ್ಚಳ ಬಡಿದು, ಡ್ರಿಲ್ಲಿನಿಂದ ಊದುವ ತೂತು ಕೊರೆದು, ಬೆರಳಿಗೆ ಆರು ತೂತು ಹಾಕಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದ. ಮೊದಲನೆಯದು ಬರೀ ಗಾಳಿ ಉಗುಳಿತು. ಎರಡನೆಯದು ಕಿರುಚಿತು. ಹನ್ನೊಂದನೆಯದೋ ಹನ್ನೆರಡನೆಯದೋ ಒಂದು ಸ್ವರವನ್ನು ಸ್ವಚ್ಛವಾಗಿ ಹಿಡಿದು ನಿಂತಿತು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂತು ಅದನ್ನೇ ಊದಿದ. ಹಾಡಲ್ಲ, ಭಜನೆಯಲ್ಲ, ಯಾರೂ ಕೇಳಿದ್ದಲ್ಲ. ಬಾಯಿಗೆ ಬಂದದ್ದು.

ತಿಂಗಳೊಳಗೆ ವಿಷಯ ಹೊರಗೆ ಬಿತ್ತು. ಮೋಟರು ಒಯ್ಯಲು ಬಂದ ಗಿರಾಕಿಯೊಬ್ಬ, ಒಳಗೆ ಯಾರೋ ಸನ್ನಾಯಿಯವರು ಇಳಿದುಕೊಂಡಿದ್ದಾರೇನು ಎಂದು ಕರಿಬಸಯ್ಯನವರನ್ನೇ ಕೇಳಿಬಿಟ್ಟ. ಆ ಕಡೆ ಮದುವೆಗಳಲ್ಲಿ ಸನ್ನಾಯಿ ಊದುವುದು ಕ್ಷೌರಿಕ ಮನೆತನಗಳ ಕಸುಬು. ಗಿರಾಕಿ ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಆದರೆ ಕರಿಬಸಯ್ಯನವರ ಮುಖ ಕೆಂಪಗಾಯಿತು. ಅವನನ್ನು ಕಳಿಸಿ ಗೋದಾಮಿಗೆ ಬಂದರು. ಮಗನ ಕೈಯಲ್ಲಿದ್ದ ಪೈಪನ್ನು ನೋಡಿದರು, ಮುಟ್ಟಲಿಲ್ಲ.

"ಊರ ಮಂದಿ ನಮ್ಮ ಪಾದ ಮುಟ್ಟತಾರ," ಎಂದರು. "ನೀ ಮಂದಿ ಬಾಗಿಲದಾಗ ನಿಂತು ಊದಾಕ ಹೊಂಟಿಯೇನು? ಊದೋದು ನಮ್ಮ ಕೆಲಸ ಅಲ್ಲ."

"ಯಾರ ಬಾಗಿಲದಾಗೂ ನಿಂತಿಲ್ಲಪ್ಪ. ನಮ್ಮ ಜಾಗಾದಾಗ ಕುಂತೀನಿ."

"ಅದರಾಗ ದೇವರ ಹೆಸರಾದ್ರೂ ಐತೇನು? ಮಾತೇ ಇಲ್ಲ. ಮಾತಿಲ್ಲದ್ದನ್ನ ಯಾರಿಗಂತ ಊದತಿ?"

ಸಿದ್ದರಾಮೇಶ ಪೈಪನ್ನು ತುಂಡುಗಳ ನಡುವೆ ಇಟ್ಟು ಹೊರಗೆ ಹೋದ. ಅವನ ತಾಯಿ ಗುರುಲಿಂಗಮ್ಮ ನಡುವಿನ ದಾರಿಯೊಂದನ್ನು ಹುಡುಕಿದರು. ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುವವರು ಯಾರೂ ಇಲ್ಲ, ಶಾಲೆಯಲ್ಲಿ ಕಲಿತದ್ದು ನಿನಗೆ ಅಷ್ಟಿಷ್ಟು ಬರುತ್ತದೆ, ಅಲ್ಲಿ ಕೂತರೆ ನಾಲ್ಕು ಜನ ಮೆಚ್ಚುತ್ತಾರೆ, ಅಪ್ಪನಿಗೂ ಸಮಾಧಾನ ಎಂದು ಅವನನ್ನು ಒಪ್ಪಿಸಿದರು. ಅವನು ಮೂರು ಸೋಮವಾರ ಹೋದ. ಹಾಡುವವರು ಪದ ಮುಗಿಸಿ ನಿಂತರೂ ಅವನ ಬೆರಳು ನಿಲ್ಲುತ್ತಿರಲಿಲ್ಲ. ಪದದ ದಾರಿ ಬಿಟ್ಟು ಎಲ್ಲಿಗೋ ಹೊರಟುಬಿಡುತ್ತಿತ್ತು. ತಾಳದವನು ಅವನ ಮುಖ ನೋಡುತ್ತ ಕಾಯಬೇಕಾಗುತ್ತಿತ್ತು. ನಾಲ್ಕನೆಯ ಸೋಮವಾರ ಯಾರೂ ಕರೆಯಲಿಲ್ಲ, ಇವನೂ ಹೋಗಲಿಲ್ಲ.

ನಾರಾಯಣಪೇಟೆಯ ಆಂಜನೇಯುಲು ಅವನಿಗೆ ಸಿಕ್ಕದ್ದು ಇದಾದ ಮೇಲೆ. ಅಲ್ಲಿ ಒಬ್ಬರ ಮನೆಗೆ ಮೋಟರು ಕೂರಿಸಲು ಹೋಗಿದ್ದ. ಎರಡು ಮನೆ ಆಚೆಗೆ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತು ಸನ್ನಾಯಿಯ ಬಾಯಿಗೆ ಸಿಕ್ಕಿಸುವ ಓಲೆ ಒದ್ದೆ ಮಾಡಿಕೊಂಡು ಒಂದೇ ಸ್ವರವನ್ನು ಹಿಡಿದು ಕೂತಿದ್ದರು. ಸಿದ್ದರಾಮೇಶ ಮೋಟರಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅಲ್ಲಿಗೆ ಹೋಗಿ ನಿಂತ. ಬೈಕಿನ ಚೀಲದಿಂದ ತನ್ನ ಪೈಪು ತೆಗೆದು ತೋರಿಸಿದ. ಮುದುಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಊದಿ ತೋರಿಸೆಂದರು. ಊದಿದ ಮೇಲೆ ನಗಲಿಲ್ಲ. ಹಣೆಯ ವಿಭೂತಿ ನೋಡಿ ಯಾರ ಮಗನೆಂದು ವಿಚಾರಿಸಿದರು. ಹೆಸರು ಕೇಳಿ ಕಟ್ಟೆಯಿಂದ ಎದ್ದು ನಿಂತರು. ಅವರನ್ನು ಮತ್ತೆ ಕೂರಿಸಲು ಸಿದ್ದರಾಮೇಶನಿಗೆ ಸಾಕಾಯಿತು.

ಅಂದಿನಿಂದ ವಾರಕ್ಕೊಂದು ಸಲ ಏನಾದರೊಂದು ನೆಪ ಮಾಡಿಕೊಂಡು ನಾರಾಯಣಪೇಟೆಗೆ ಹೋಗತೊಡಗಿದ. ಆಂಜನೇಯುಲು ತೆಲುಗಿನಲ್ಲೇ ಹೇಳುತ್ತಿದ್ದರು, ನಡುನಡುವೆ ಕನ್ನಡ ಬೆರೆಯುತ್ತಿತ್ತು. ಹೇಳಿಕೊಡುವವರು ಅವರು, ಆದರೂ ಶಿಷ್ಯನನ್ನು ಕರೆಯುತ್ತಿದ್ದುದು "ಸ್ವಾಮಿ" ಎಂದೇ. "ತೊಂದರ ಪಡಕು ಸ್ವಾಮಿ" ಎಂಬುದು ಅವರ ದಿನದ ಮಾತು. ತೆಲುಗಿನಲ್ಲಿ ತೊಂದರ ಎಂದರೆ ಅವಸರ, ಅವಸರ ಮಾಡಬೇಡ ಎಂದು ಅರ್ಥ. ಎರಡೂ ಭಾಷೆಯಲ್ಲಿ ಬೆಳೆದ ಸಿದ್ದರಾಮೇಶನಿಗೆ ಪ್ರತಿ ಸಲ ನಗು ಬರುತ್ತಿತ್ತು. ಅವನ ಅವಸರವೇ ಅವನ ತೊಂದರೆ ಎಂಬುದನ್ನು ಆ ಒಂದು ಮಾತು ಎರಡು ಕಡೆಯಿಂದಲೂ ಹೇಳುತ್ತಿತ್ತು.

ಕಲಿತದ್ದನ್ನು ಗೋದಾಮಿನಲ್ಲಿ ಊದಿ ಫೋನಿನಲ್ಲಿ ರೆಕಾರ್ಡು ಮಾಡಿ ಹಿಡಿಯುವುದು ಇನ್ನೊಂದು ಪಾಡು. ರಾಯಚೂರು ರಸ್ತೆಯ ಲಾರಿಗಳು ಹಗಲೆಲ್ಲ ಹಾರನ್ ಹೊಡೆಯುತ್ತವೆ. ಗೋದಾಮಿನ ತಗಡು ದನಿಯನ್ನು ಚೆಂಡಿನ ಹಾಗೆ ಪುಟಿಸುತ್ತದೆ. ಅದಕ್ಕಾಗಿ ಮನೆಯ ಹಳೆಯ ಕೌದಿಗಳನ್ನೆಲ್ಲ ತಂದು ಗೋಡೆಗೆ ಜೋತುಬಿಟ್ಟ. ಕೌದಿ ಎಲ್ಲಿ ಹೋದವೆಂದು ಗುರುಲಿಂಗಮ್ಮ ಹುಡುಕಿಕೊಂಡು ಬಂದು, ನೋಡಿ, ತಿರುಗಿ ಹೋದರು. ಮಧ್ಯಾಹ್ನ ಅಪ್ಪ ಊಟ ಮಾಡಿ ಅಡ್ಡಾಗುವ ಒಂದು ತಾಸು ಅವನ ಪಾಲಿಗೆ. ಅಷ್ಟರಲ್ಲಿ ಪೈಪಿನಲ್ಲಿ ಊದಿದ ಒಂದನ್ನು ಹಿಡಿದು, ಅದರ ಮೇಲೆ ಖಾಲಿ ನೀರಿನ ಡ್ರಮ್ಮು ಬಡಿದು, ಅದರ ಮೇಲೆ ಇನ್ನೊಂದು ದಪ್ಪ ಪೈಪಿನ ದನಿ ಕೂಡಿಸಿ, ಫೋನಿನಲ್ಲೇ ಜೋಡಿಸುತ್ತಿದ್ದ. ಕೇಳಿ, ಅಳಿಸಿ, ಮತ್ತೆ ಊದುತ್ತಿದ್ದ. ಹತ್ತರಲ್ಲಿ ಒಂದು ಉಳಿದರೆ ಹೆಚ್ಚು. ಉಳಿದದ್ದನ್ನು ಹೆಸರು ಹಾಕದೆ ಯೂಟ್ಯೂಬಿಗೆ ಬಿಡುತ್ತಿದ್ದ.

ಕಾವ್ಯಳಿಗೆ ಮೊದಮೊದಲು ಇಷ್ಟವಾಗಿತ್ತು. ಬರಬರುತ್ತ ಬೇಸರವಾಯಿತು. ಮಗಳನ್ನು ಮಲಗಿಸುವಾಗಲೂ ಅವಳ ಬೆನ್ನ ಮೇಲೆ ತಾಳ ಹಾಕುತ್ತಾನೆ, ಹೇಳಿದ ಮಾತು ಕಿವಿಗೆ ಬೀಳುವುದಿಲ್ಲ, ಮಾವನವರ ಮುಂದೆ ಸುಳ್ಳು ಹೇಳುವ ಕೆಲಸ ತನ್ನ ಪಾಲಿಗೆ ಬಂದಿದೆ ಎಂದು ಒಂದು ದಿನ ಎಲ್ಲ ಹೇಳಿದಳು. "ನೀವು ಊದೋದು ನನಗ ಬ್ಯಾಡಾಗಿಲ್ಲ," ಎಂದಳು. "ಕದ್ದು ಊದೋದು ಬ್ಯಾಡಾಗೈತಿ. ಮಾವನೋರ ಮುಂದ ಹೇಳ್ರಿ, ಇಲ್ಲಾ ಬಿಡ್ರಿ." ಅವನು ಹೇಳಲೂ ಇಲ್ಲ, ಬಿಡಲೂ ಇಲ್ಲ. ಹಾಗೆ ಮೂರು ವರ್ಷ ಕಳೆಯಿತು.

ಆಮೇಲೆ ಗದ್ವಾಲದ ಮದುವೆ ಬಂತು. ಸಿದ್ದರಾಮೇಶನ ಅಕ್ಕ ಉಮಾಶ್ರೀಯನ್ನು ಗದ್ವಾಲಕ್ಕೆ ಕೊಟ್ಟಿದ್ದರು. ಅವಳ ಮಗಳು ಪ್ರಶಾಂತಿಯ ಮದುವೆ. ವರನ ಕಡೆಯವರು ನಾರಾಯಣಪೇಟೆಯವರು. ಸೋದರಮಾವನಾಗಿ ಸಿದ್ದರಾಮೇಶನೇ ಮದುಮಗಳ ಕೈ ಹಿಡಿದು ಹಂದರಕ್ಕೆ ಕರೆತರಬೇಕಿತ್ತು. ಕರೆದುಕೊಂಡು ಹೊರಗೆ ಬಂದ. ಸನ್ನಾಯಿ ಎದ್ದಿತು. ಆ ಉಸಿರು ಯಾರದೆಂದು ನೋಡುವ ಮೊದಲೇ ಅವನಿಗೆ ಗೊತ್ತಾಯಿತು. ವರನ ಕಡೆಯವರು ಆಂಜನೇಯುಲು ಅವರ ಮೇಳವನ್ನೇ ತಮ್ಮ ಜೊತೆ ತಂದಿದ್ದರು. ಮುದುಕರ ಮಗ ಮಹೇಂದರ್ ಡೋಲು ಹಿಡಿದು ಪಕ್ಕದಲ್ಲಿ ಕೂತಿದ್ದ.

ಸಿದ್ದರಾಮೇಶ ಅವರತ್ತ ನೋಡಿದ. ಆಂಜನೇಯುಲು ಒಂದು ಸಲ ನೋಡಿ ಕಣ್ಣನ್ನು ಬೇರೆ ಕಡೆ ಹೊರಳಿಸಿದರು. ಗುರುತು ಹತ್ತಲಿಲ್ಲವೆಂಬ ಹಾಗೆ. ಶಿಷ್ಯನ ಗುಟ್ಟು ಕಾಯಲು ಹಾಗೆ ಮಾಡಿದರೆಂದು ಅವನಿಗೆ ತಿಳಿಯಿತು. ಅಕ್ಕಿಕಾಳು ಬಿದ್ದವು, ಜನ ಊಟಕ್ಕೆ ಎದ್ದರು. ಅವನು ಬಡಿಸುವವರ ಹಿಂದೆ ಓಡಾಡಿದ, ವರನ ತಂದೆಯನ್ನು ಮಾತಾಡಿಸಿದ, ಎರಡು ಸಲ ನೀರು ಕುಡಿದ. ಎಲ್ಲಿ ನಿಂತರೂ ಕಾಲು ನಿಲ್ಲಲಿಲ್ಲ.

ಬೀಗರ ಪಂಕ್ತಿಯೆಲ್ಲ ಮುಗಿದ ಮೇಲೆ ಮೇಳದವರಿಗೆ ಎಲೆ ಹಾಕಿದರು. ಅಡುಗೆ ಪಾತ್ರೆಗಳ ಪಕ್ಕ, ಪರದೆಯ ಹಿಂದೆ. ಸಿದ್ದರಾಮೇಶ ಅದನ್ನು ನೋಡಿದ. ಕೈಯಲ್ಲಿದ್ದ ಹೋಳಿಗೆ ಬುಟ್ಟಿಯನ್ನು ಕೆಳಗಿಟ್ಟು ಹೋಗಿ ಆಂಜನೇಯುಲು ಅವರ ಪಕ್ಕದಲ್ಲಿ ಕೂತು, ತನಗೂ ಒಂದು ಎಲೆ ಹಾಕೆಂದ. ಬಡಿಸುವವನು ಎಲೆ ಹಾಕದೆ ಅಕ್ಕನ ಕಡೆ ನೋಡಿದ. ಅಕ್ಕ ಓಡಿ ಬಂದು, ನಿನಗೆ ಅಲ್ಲಿ ಬೆಳ್ಳಿ ತಟ್ಟೆ ಇಟ್ಟಿದ್ದೇವೆ, ಏಳು ಎಂದು ಕೈ ಹಿಡಿದಳು. ವರನ ದೊಡ್ಡಪ್ಪ ಎಂಕಪ್ಪ ಅಲ್ಲೇ ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು.

"ಅಯ್ಯನೋರ, ನೀವು ಇಲ್ಲಿ ಯಾಕ ಕುಂತ್ರಿ?"

"ಇವರು ನಮ್ಮ ಗುರುಗಳು ರೀ," ಎಂದ ಸಿದ್ದರಾಮೇಶ. "ಮೂರು ವರ್ಷ ಆತು, ಇವರ ಹತ್ರ ಊದಾಕ ಕಲಿಯಾಕತ್ತೀನಿ."

ಮಾತು ಹಂದರದ ಈ ತುದಿಯಿಂದ ಆ ತುದಿಗೆ ಹೋಗಲು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಮಂದಿಗೆ ಗುರುವಾದ ಮನೆತನದವನು ಸನ್ನಾಯಿಯವರನ್ನು ಗುರು ಎಂದನಂತೆ. ಕರಿಬಸಯ್ಯನವರು ಕುರ್ಚಿಯಲ್ಲಿ ಕೂತಿದ್ದರು. ಕೇಳಿದವರು ಅವರ ಮುಖ ನೋಡಿದರು. ಅವರು ಹೆಗಲ ಮೇಲಿನ ಶಲ್ಯ ಸರಿ ಮಾಡಿಕೊಂಡು ಎದುರಿಗಿದ್ದವರ ಜೊತೆ ಮಳೆಯ ಮಾತನ್ನು ಮುಂದುವರಿಸಿದರು.

ಸಿದ್ದರಾಮೇಶನಿಗೆ ಎದೆ ಹಗುರಾದಂತೆ ಅನಿಸಿತ್ತು. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ಆಂಜನೇಯುಲು ಎಲೆಯಲ್ಲಿ ಕೈಯಿಟ್ಟುಕೊಂಡೇ, ಯಾರಿಗೂ ಕೇಳಿಸದ ಹಾಗೆ, ಇದನ್ನು ಯಾಕೆ ಮಾಡಿದೆ ಎಂದು ಕೇಳಿದರು. ನಿನ್ನ ಎದೆ ಹಗುರ ಮಾಡಿಕೊಳ್ಳಲು ಮಾಡಿದೆ, ನಾಳೆ ನಿಮ್ಮವರು ಯಾರಾದರೂ ಮದುವೆಗೆ ನನ್ನನ್ನು ಕರೆಯದಿದ್ದರೆ ಆ ಭಾರ ಯಾರು ಹೊರುತ್ತಾರೆ ಎಂದರು. ಮಹೇಂದರ್ ತಲೆ ಎತ್ತಲಿಲ್ಲ. ಇದನ್ನು ಸಿದ್ದರಾಮೇಶ ಯೋಚಿಸಿಯೇ ಇರಲಿಲ್ಲ.

ತಿರುಗಿ ಬರುವಾಗ ಕರಿಬಸಯ್ಯನವರು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಜೂರಾಲ ಅಣೆಕಟ್ಟಿನ ಮೇಲೆ ಗಾಡಿ ನಿಧಾನವಾದಾಗ ಮಗಳು ನೀರು ತೋರಿಸಿ ಏನೋ ಕೇಳಿದಳು, ಅದಕ್ಕೆ ಅಜ್ಜನೇ ಉತ್ತರ ಕೊಟ್ಟರು. ಮನೆಗೆ ಬಂದು ಸ್ನಾನ ಮಾಡಿ, ಪೂಜೆ ಮುಗಿಸಿ, ಕರಿಬಸಯ್ಯನವರು ಗೋದಾಮಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಸಿದ್ದರಾಮೇಶನಿಗೆ ಅನಿಸಿತು. ಆಮೇಲಿನ ನಲವತ್ತು ದಿನ ಅವರು ಮಗನ ಜೊತೆ ಒಂದು ಮಾತೂ ಆಡಲಿಲ್ಲ. ಎರಡು ಇಂಚಿನ ಪೈಪು ತರಬೇಕಾದರೂ ಸೊಸೆಯ ಮೂಲಕ ಹೇಳಿಸುತ್ತಿದ್ದರು.

ಆ ನಲವತ್ತು ದಿನ ಅವನು ಅಂಗಡಿಗೂ ಮನೆಗೂ ಎಷ್ಟು ಸಲ ಓಡಾಡಿದನೋ ಲೆಕ್ಕವಿಲ್ಲ. ಗಿರಾಕಿಯೊಬ್ಬರ ಹೊಲದಲ್ಲಿ ಮೋಟರಿನ ಕೋಣೆಯೊಂದಿತ್ತು. ಅಲ್ಲಿ ಹೋಗಿ ಊದಿ ನೋಡಿದ. ಮೋಟರಿನ ಗುಂಯ್‌ಗುಡುವಿಕೆಗೆ ಅವನ ಪೈಪು ಕೂಡಲಿಲ್ಲ. ನಾರಾಯಣಪೇಟೆಗೆ ಹೋಗಲು ಮುಖವಿರಲಿಲ್ಲ. ಬೈಕು ಹತ್ತಿ ಅರ್ಧ ದಾರಿ ಹೋಗಿ ತಿರುಗಿ ಬಂದದ್ದು ಎರಡು ಸಲ. ಕಾವ್ಯ ಮಾತ್ರ ಒಂದು ಸಂಜೆ ರೊಟ್ಟಿ ತಟ್ಟುತ್ತ, ಹೇಳಿದ್ದು ಒಳ್ಳೆಯದೇ ಆಯಿತು, ಹೇಳಿದ ಜಾಗ ಸರಿಯಿರಲಿಲ್ಲ ಎಂದಳು. ಅದು ಸರಿ ಎಂದು ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಕರಿಬಸಯ್ಯನವರು ನಾಮಕರಣಕ್ಕೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ ಒಬ್ಬರೇ ಬಸ್ಸು ಹತ್ತಿದರು. ಮೂರು ದಿನದ ಮೇಲೆ ಆಂಜನೇಯುಲು ಅವರ ಫೋನು ಬಂತು. ಬಾ, ಹೇಳುವುದಿದೆ ಎಂದರು. ಸಿದ್ದರಾಮೇಶ ಹೋದ. ಮೊದಲು ಅವರ ಕಾಲಿಗೆ ಬಿದ್ದು ಮದುವೆಯ ದಿನದ ತಪ್ಪಿಗೆ ಕ್ಷಮೆ ಕೇಳಿದ. ಅವರು ಅದನ್ನು ಕೈ ಬೀಸಿ ಪಕ್ಕಕ್ಕಿಟ್ಟು, ನಿಮ್ಮ ತಂದೆ ಬಂದಿದ್ದರು ಎಂದರು.

ಕರಿಬಸಯ್ಯನವರು ಮನೆಯೊಳಗೆ ಬರಲಿಲ್ಲವಂತೆ. ಹೊರಗಿನ ಕಟ್ಟೆಯ ಮೇಲೆ ಕೂತರಂತೆ. ಚಹಾ ಬೇಡವೆಂದು ತಮ್ಮ ಚೀಲದಲ್ಲಿದ್ದ ಬಾಟಲಿಯ ನೀರು ಕುಡಿದು, ಆಮೇಲೆ ಕೇಳಿದರಂತೆ.

"ನನ್ನ ಮಗನಿಗೆ ಬರತೈತೇನು?"

"ಇನ್ನಾ ಬರಲ್ಲ ಸ್ವಾಮಿ," ಎಂದು ಆಂಜನೇಯುಲು ಇದ್ದದ್ದನ್ನೇ ಹೇಳಿದ್ದರು. "ಉಸಿರು ಐತಿ. ತಾಳ್ಮಿ ಇಲ್ಲ. ಒಂದು ಸ್ವರ ಮುಗಿಯೋದ್ರಾಗ ಮುಂದಿಂದಕ್ಕ ಓಡತಾರ."

"ಸಣ್ಣಾವ ಇದ್ದಾಗಿಂದ ಹಂಗ ಅವ," ಎಂದಿದ್ದರು ಕರಿಬಸಯ್ಯನವರು. "ನಾ ಹೇಳಿ ಹೇಳಿ ಸಾಕಾತು."

ಆಮೇಲೆ ಇಬ್ಬರು ಮುದುಕರೂ ಅವನ ಅವಸರದ ಬಗ್ಗೆಯೇ ಅರ್ಧ ತಾಸು ಮಾತಾಡಿದ್ದರು. ಪಾಲಿಟೆಕ್ನಿಕ್ ಬಿಟ್ಟದ್ದು, ಹತ್ತಿಬೀಜದ ಕೆಲಸ ಬಿಟ್ಟದ್ದು, ಯಾವುದನ್ನೂ ಒಂದು ವರ್ಷದ ಮೇಲೆ ಹಿಡಿಯದಿದ್ದದ್ದು. ಇದನ್ನು ಎಷ್ಟು ದಿನದಿಂದ ಹಿಡಿದಿದ್ದಾನೆಂದು ತಂದೆ ಕೇಳಿದ್ದರು. ನನ್ನ ಹತ್ತಿರ ಮೂರು ವರ್ಷ ಎಂದು ಇವರು ಹೇಳಿದ್ದರು. ಏಳುವಾಗ ಕರಿಬಸಯ್ಯನವರು, ಇನ್ನು ಅವನಿಗೆ ಹೇಳಿಕೊಡಬೇಡ ಎನ್ನಲು ಬಂದಿದ್ದೆ ಎಂದರಂತೆ. ಅಷ್ಟು ಹೇಳಿ, ಬೇಡವೆಂದು ಹೇಳದೆಯೇ, ಬಸ್ಸಿಗೆ ಹೊತ್ತಾಯಿತೆಂದು ಹೋದರಂತೆ.

ಕೇಳಿದ ಸಿದ್ದರಾಮೇಶನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಬರುವುದಿಲ್ಲ ಎಂದು ಅಪ್ಪನ ಮುಂದೆಯೇ ಹೇಳಬೇಕಿತ್ತೇ ಎಂದು. ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕುದಿಯಿತು. ಮಕ್ತಲ್ ಮುಟ್ಟುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಬರುತ್ತದೆ ಎಂದಿದ್ದರೆ ಅಪ್ಪ ಬಹುಶಃ ನಂಬುತ್ತಿರಲಿಲ್ಲ. ಮನೆಗೆ ಬಂದಾಗ ಅಂಗಡಿಯ ಮುಂದೆ ಹೊಸ ಪೈಪು ತುಂಬಿದ ಲಾರಿ ನಿಂತಿತ್ತು. ಕರಿಬಸಯ್ಯನವರು ಉಡಿದಾರದಿಂದ ಕೀಲಿ ಬಿಚ್ಚಿ ಗೋಡೆಯ ಮೊಳೆಗೆ ಹಾಕಿ, ಮಾಲು ಒಳಗೆ ಇಳಿಸಬೇಕು ಎಂದರು. ಯಾರಿಗೆಂದು ಹೇಳಲಿಲ್ಲ. ಅಲ್ಲಿ ಸಿದ್ದರಾಮೇಶನ ಹೊರತು ಬೇರೆ ಯಾರೂ ಇರಲಿಲ್ಲ. ಮಾಲು ಇಳಿಸಿದ ಮೇಲೆ ಆ ಕೀಲಿ ಮೊಳೆಯ ಮೇಲೇ ಉಳಿಯಿತು. ಗೋಡೆಯ ಕೌದಿಗಳನ್ನು ಯಾರೂ ತೆಗೆದಿರಲಿಲ್ಲ.

ಅಪ್ಪ ಮಗ ಇಬ್ಬರೂ ಈ ವಿಷಯ ಮತ್ತೆ ಎತ್ತಲಿಲ್ಲ. ಪೂಜೆಯ ಹೊತ್ತಿಗೆ ಊದಬಾರದು ಎಂಬುದೊಂದನ್ನು ಗುರುಲಿಂಗಮ್ಮ ತಾವೇ ಕಟ್ಟಳೆ ಮಾಡಿದರು. ಕರಿಬಸಯ್ಯನವರು ಮಧ್ಯಾಹ್ನ ಅಡ್ಡಾಗುವುದನ್ನು ಬಿಟ್ಟಿಲ್ಲ. ನಿದ್ದೆ ಮಾಡುತ್ತಾರೋ ಕೇಳುತ್ತಾರೋ ಯಾರಿಗೂ ಗೊತ್ತಿಲ್ಲ. ಎಂಕಪ್ಪನವರ ಕಡೆಯ ಒಂದು ಮನೆಯವರು ಆಂಜನೇಯುಲು ಅವರನ್ನು ಕರೆಯುವುದನ್ನು ನಿಲ್ಲಿಸಿದ್ದು ನಿಜ. ಸಿದ್ದರಾಮೇಶ ಆ ಮನೆಗೆ ಹೋಗಿ ಮಾತಾಡಿ ಬಂದ, ಏನೂ ಆಗಲಿಲ್ಲ. ಅದು ಅವನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಅಲಂಪುರದ ಮೇಷ್ಟರೊಬ್ಬರು ಯೂಟ್ಯೂಬಿನಲ್ಲಿ ಅವನ ಸಂಗೀತ ಕೇಳಿ, ಅದರ ಕೆಳಗೇ ಬರೆದು ವಿಳಾಸ ತಿಳಿದು, ಹುಡುಕಿಕೊಂಡು ಬಂದು ಒಂದು ಪೈಪು ಮಾಡಿಸಿಕೊಂಡು ಹೋದರು. ಅಂಗಡಿಯಲ್ಲಿ ಅವರಿಗೆ ದಾರಿ ತೋರಿಸಿ, ಹಿಂದಿನ ಗೋದಾಮಿನಾಗ ಅದಾನ, ಹೋಗ್ರಿ ಎಂದವರು ಕರಿಬಸಯ್ಯನವರೇ.

ಈ ವರ್ಷ ಆಂಜನೇಯುಲು ಅವರ ಎದೆಗೆ ಉಬ್ಬಸ ಕೂತಿದೆ. ಮದುವೆಗಳನ್ನು ಒಪ್ಪಿಕೊಳ್ಳುತ್ತಿಲ್ಲ. ಮಹೇಂದರ್ ಡೋಲು ಬಿಟ್ಟು ಡಿಜೆ ಪೆಟ್ಟಿಗೆಗಳನ್ನು ತಂದಿದ್ದಾನೆ. ಮುದುಕರ ತಲೆಯಲ್ಲಿ ಮದುಮಗಳು ಎದ್ದು ಬರುವಾಗಿನ, ಎಣ್ಣೆ ಹಚ್ಚುವಾಗಿನ, ಕಳಿಸಿಕೊಡುವಾಗಿನ ನಲವತ್ತಕ್ಕೂ ಹೆಚ್ಚು ಮಟ್ಟುಗಳಿವೆ. ಹೆಸರಿಲ್ಲದವು, ಬರೆದಿಡದವು. ಸಿದ್ದರಾಮೇಶ ಈಗ ವಾರಕ್ಕೆ ಎರಡು ಸಲ ಹೋಗುತ್ತಾನೆ. ಹತ್ತೊಂಬತ್ತನ್ನು ಕಲಿತು ಪೈಪಿನಲ್ಲಿ ಊದಿ ಫೋನಿನಲ್ಲಿ ಹಿಡಿದಿಟ್ಟಿದ್ದಾನೆ. ಒಂದನ್ನು ಊದಿ ತೋರಿಸಿದ ಮೇಲೆ ಮುದುಕರು ಗೋಡೆಗೆ ಒರಗಿ ಕಾಲು ತಾಸು ಕಣ್ಣು ಮುಚ್ಚುತ್ತಾರೆ. ಇನ್ನೊಂದನ್ನು ಕೇಳಬೇಕೆಂದು ಅವನ ಬಾಯಿಗೆ ಬರುತ್ತದೆ. ಕೇಳುವುದಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅವರ ಉಸಿರು ಹದಕ್ಕೆ ಬರುವ ತನಕ, ಆ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಾನೆ.